ಮಾಳಗಿ ಮೇಲೆ ಸೋಲಾರ್: ನಿಮ್ಮ ಪ್ರಶ್ನೆ, ಎಲೆಕ್ಟ್ರಿಕಲ್ ಗುತ್ತಿಗೆದಾರರ ಉತ್ತರ

ಪ್ರಶ್ನೆ (ಸೇಡಂ ರಸ್ತೆ, ಕಲಬುರಗಿ): ನಮಸ್ಕಾರ ಸರ್. 3 ಕಿಲೋವ್ಯಾಟ್ ಸೋಲಾರ್ ಹಾಕಿಸಿ, 78 ಸಾವಿರ ಸಬ್ಸಿಡಿ ಬರುತ್ತೆ ಅಂತ ಏಜೆಂಟರು ಬೆನ್ನು ಹತ್ತಿದ್ದಾರೆ. ನಮಗೆ ಗೃಹಜ್ಯೋತಿ ಇದೆ. ಬೇಸಿಗೆಯಲ್ಲಿ ಕೂಲರ್, ಎಸಿ ಅಂತ 200 ಯೂನಿಟ್ ದಾಟುತ್ತೆ, ಉಳಿದ ತಿಂಗಳು ಬಿಲ್ಲೇ ಬರಲ್ಲ. ಹಾಕಿಸಲಾ?

ಉತ್ತರ: ಸಬ್ಸಿಡಿ ಲೆಕ್ಕ ಸರಿಯಾಗೇ ಹೇಳಿದ್ದಾರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ. ಅಲ್ಲಿಗೆ ಮುಗೀತು. 5 ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ.

ಆದರೆ ನಿಮಗೆ ಉಳಿಯೋದೆಷ್ಟು ನೋಡಿ. 1 ಕಿಲೋವ್ಯಾಟ್‌ನಿಂದ ದಿನಕ್ಕೆ ಸುಮಾರು 4 ಯೂನಿಟ್ ಬರುತ್ತೆ. ಮೂರಕ್ಕೆ ತಿಂಗಳಿಗೆ 350ರ ಆಸುಪಾಸು. ನೀವು ಹೆಚ್ಚಿನ ತಿಂಗಳು ಉರಿಸೋದೇ 200ರೊಳಗೆ, ಅದೂ ಪುಕ್ಕಟೆ. ಮಿಕ್ಕಿದ್ದನ್ನು ಜೆಸ್ಕಾಂಗೆ ಕೊಟ್ಟರೆ, ನೀವು ಕಟ್ಟೋ ದರಕ್ಕಿಂತ ಕಡಿಮೆ ದರ ಸಿಗುತ್ತೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತೆ ನಿಜ. ಹಾಗಾಗಿ ಆ ಬೇಸಿಗೆ ಬಿಲ್‌ಗಳನ್ನೂ ಜೆಸ್ಕಾಂನಿಂದ ಬರೋ ದುಡ್ಡನ್ನೂ ಕೂಡಿಸಿ, ಹೆಚ್ಚುಕಡಿಮೆ ಅದೇ ನಿಮ್ಮ ವರ್ಷದ ಉಳಿತಾಯ. ಸಬ್ಸಿಡಿ ಹೋಗಿ ಕೈಯಿಂದ ಬೀಳೋ ದುಡ್ಡನ್ನು ಅದರಿಂದ ಭಾಗಿಸಿ. ಹದಿನೈದು ವರ್ಷ ಅಂತ ಬಂದರೆ ಸುಮ್ನಿದ್ದು ಬಿಡಿ. ವರ್ಷಪೂರ್ತಿ 400 ಯೂನಿಟ್ ಸುಡೋ ಕೂಡು ಕುಟುಂಬ ಇದ್ದರೆ ನಾನೇ ಹಾಕಿಸಿ ಅಂತಿದ್ದೆ. ಗಿರಾಕಿ ಕಳ್ಕೋತೀನಿ, ಇರಲಿ.

ಪ್ರಶ್ನೆ (ಬೀದರ್): ಅಣ್ಣಾ, ಸೋಲಾರ್ ಇದ್ದರೆ ಕರೆಂಟ್ ಹೋದಾಗಲೂ ಫ್ಯಾನ್ ತಿರುಗುತ್ತೆ ಅಲ್ವಾ?

ಉತ್ತರ: ಇಲ್ಲ ಅಕ್ಕಾ. ಇದನ್ನು ಮಾರೋರು ಬಾಯಿ ಬಿಟ್ಟು ಹೇಳೋದೇ ಇಲ್ಲ. ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕೋದು ಆನ್‌ಗ್ರಿಡ್, ಅಂದರೆ ಹೊರಗಿನ ಕರೆಂಟ್ ಲೈನಿಗೆ ಜೋಡಿಸಿದ್ದು. ಲೈನ್ ಹೋದ ಕೂಡಲೇ ಅದರ ಇನ್ವರ್ಟರ್ ತಾನೇ ಬಂದ್ ಆಗುತ್ತೆ, ಮೇಲೆ ಎಷ್ಟೇ ಬಿಸಿಲಿರಲಿ. ಇಲ್ಲದಿದ್ದರೆ ನಿಮ್ಮ ಮನೆ ಕರೆಂಟು ತಂತಿಗೆ ಹರಿದು, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು. ಬ್ಯಾಟರಿ ಇರೋ ಹೈಬ್ರಿಡ್ ಸಿಗುತ್ತೆ, ಖರ್ಚು ಜಾಸ್ತಿ. ಮನೇಲಿ ಈಗಾಗಲೇ ಬ್ಯಾಟರಿ ಇನ್ವರ್ಟರ್ ಇದ್ದರೆ ಅದನ್ನು ಹಾಗೇ ಇಟ್ಕೊಳ್ಳಿ. ಫ್ಯಾನ್, ಲೈಟ್‌ಗೆ ಅದು ಸಾಕು.

ಪ್ರಶ್ನೆ (ಯಾದಗಿರಿ): ನಮ್ಮದು ಹಳೇ ಮನೆ ಸರ್, ಪರಸಿ ಕಲ್ಲು ಹಾಸಿದ ಮಾಳಗಿ. ಪ್ಯಾನೆಲ್ ತಡೆಯುತ್ತಾ? ನಮ್ಮ ಮೇ ಬಿಸಿಲಿಗೆ ಕರೆಂಟ್ ಭರ್ಜರಿ ಬರುತ್ತೆ ಅಂದ್ಕೊಂಡಿದ್ದೇನೆ.

ಉತ್ತರ: ಎರಡನೇದು ಮೊದಲು. ಪ್ಯಾನೆಲ್‌ಗೆ ಬೆಳಕು ಬೇಕು, ಕಾವು ಬೇಡ. ಅದರ ಮೇಲೆ ಬರೆದಿರೋ ವ್ಯಾಟ್ 25 ಡಿಗ್ರಿಗೆ ಅಳೆದದ್ದು. ಅದರ ಮೇಲೆ ಒಂದೊಂದು ಡಿಗ್ರಿಗೂ ಶೇ 0.3ರಿಂದ 0.4ರಷ್ಟು ಇಳಿಯುತ್ತೆ. ಹೊರಗೆ 42 ಇದ್ದಾಗ ಪ್ಯಾನೆಲ್ 65ಕ್ಕೂ ಹೋಗಬಹುದು. ಅಲ್ಲಿಗೆ ನೂರಕ್ಕೆ ಹನ್ನೆರಡು, ಹದಿನೈದು ಹೋಯ್ತು. ಅದಕ್ಕೇ ಪ್ಯಾನೆಲ್‌ಗೂ ಮಾಳಗಿಗೂ ನಡುವೆ ಗಾಳಿ ಆಡೋಕೆ ಜಾಗ ಬಿಡಬೇಕು.

ಪರಸಿಗೆ ಮಾತ್ರ ಡ್ರಿಲ್ ಮುಟ್ಟಿಸಬೇಡಿ. ಬಿರುಕು ಬಿಟ್ಟರೆ ಮಳೆಗಾಲದಲ್ಲಿ ಒಳಗೆ ಬಕೆಟ್ ಇಡಬೇಕಾಗುತ್ತೆ. ಈಗಿನ ದೊಡ್ಡ ಪ್ಯಾನೆಲ್ ಒಂದೊಂದೇ 25 ಕಿಲೋ ಮೇಲೆ ತೂಗುತ್ತೆ. ಸ್ಟ್ಯಾಂಡಿನ ಕಾಲು ಗೋಡೆ ಸಾಲಿನ ಮೇಲೇ ಕೂರಲಿ. ಭಾರಕ್ಕಿಂತ ನನಗೆ ಗಾಳಿದೇ ಹೆದರಿಕೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಪ್ಯಾನೆಲ್ಲನ್ನು ಕೆಳಗಿನಿಂದ ಎತ್ತುತ್ತೆ. ಸುಮ್ನೆ ನಾಲ್ಕು ಕಲ್ಲು ಹೇರಿ ಹೋಗೋರನ್ನು ನಂಬಬೇಡಿ, ಒಬ್ಬ ಸಿವಿಲ್ ಎಂಜಿನಿಯರ್‌ಗೆ ಮಾಳಗಿ ತೋರಿಸಿ.

ಪ್ರಶ್ನೆ (ಜೇವರ್ಗಿ ಕಾಲೋನಿ, ಕಲಬುರಗಿ): ಬಿಲ್ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲಿದೆ. ನಡೆಯುತ್ತಾ?

ಉತ್ತರ: ಮೊದಲು ಜೆಸ್ಕಾಂನಲ್ಲಿ ಹೆಸರು ಬದಲಾಯಿಸಿ, ಆಮೇಲೆ ಅರ್ಜಿ.

ಅವರೇ: ಇನ್ನೊಂದು ಸರ್, ಪ್ಯಾನೆಲ್ ತೊಳೆಯೋಕೆ ಬೋರ್ ನೀರು ಆಗುತ್ತಾ?

ಉತ್ತರ: ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ಕೂರುತ್ತೆ. ಬೇರೆ ನೀರಿಲ್ಲ ಅಂದರೆ ತೊಳೆದ ಕೂಡಲೇ ವೈಪರ್‌ನಿಂದ ಎಳೆದುಬಿಡಿ. ಬೆಳಿಗ್ಗೆ ಬಿಸಿಲೇರೋ ಮುಂಚೆ ಮಾಡಿ. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ.