ಪದಚರ್ಚೆ: ರೈಫಲ್ ನಳಿಗೆಯ ‘ಹುರಿ’ ಮತ್ತು ಗುಂಡಿನ ‘ತೂಕ’

ಮಾನ್ಯರೇ,

ಇಲ್ಲೇ ದಾವಣಗೆರೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರೈಫಲ್ ಗುರಿ ಸ್ಪರ್ಧೆಗೆ ಅಭ್ಯಾಸ ಮಾಡುವ ಮಕ್ಕಳಿಗಾಗಿ ಒಂದು ಕಿರುಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದಾಳೆ. ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿನ ಒಂದು ವಾಕ್ಯದ ಮುಂದೆ ನಾನು ಎರಡು ವಾರದಿಂದ ನಿಂತಿದ್ದೇನೆ: “ಭಾರವಾದ ಗುಂಡಿಗೆ ವೇಗದ ತಿರುವಿನ ನಳಿಗೆ ಬೇಕು.” ವ್ಯಾಕರಣದ ತಪ್ಪು ಇದರಲ್ಲಿಲ್ಲ, ಆದರೂ ಕನ್ನಡದಲ್ಲಿ ಓದುವವನಿಗೆ ಇದರ ಪ್ರತಿಯೊಂದು ಪದವೂ ಬೇರೆ ಅರ್ಥವನ್ನೇ ಕೊಡುತ್ತದೆ ಎಂಬುದು ನನ್ನ ಅನುಮಾನ. ನಿಮ್ಮ ಅಭಿಪ್ರಾಯ ಕೇಳುವ ಮೊದಲು ವಿಷಯವನ್ನು ನಾನು ತಿಳಿದುಕೊಂಡ ಬಗೆಯನ್ನು ಹೇಳುತ್ತೇನೆ.

ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ಗೀರುಗಳಿರುತ್ತವೆ. ಗುಂಡು ಅವುಗಳಿಗೆ ಕಚ್ಚಿಕೊಂಡು ಮುಂದೆ ಸರಿಯುವಾಗ ತನ್ನ ಸುತ್ತ ತಾನೇ ತಿರುಗತೊಡಗುತ್ತದೆ ಮತ್ತು ಆ ತಿರುಗಾಟದ ಬಲದಿಂದಲೇ, ಬುಗುರಿ ನೆಟ್ಟಗೆ ನಿಲ್ಲುವ ಹಾಗೆ, ಮೂತಿ ಮುಂದಾಗಿಯೇ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ನಳಿಗೆಯ ಎಷ್ಟು ಉದ್ದಕ್ಕೆ ಗೀರು ಒಂದು ಪೂರ್ಣ ಸುತ್ತು ಬರುತ್ತದೆ ಎಂಬ ಅಳತೆಗೆ ಗುರಿಕಾರರು ‘ಟ್ವಿಸ್ಟ್ ರೇಟ್’ ಎನ್ನುತ್ತಾರೆ. ಕಳೆದ ಭಾನುವಾರ ಈ ಹುಡುಗಿ ಅಭ್ಯಾಸಕ್ಕೆ ಬಳಸುವ ‘ಪಾಯಿಂಟ್ ಟೂ ಟೂ’ ರೈಫಲಿನಲ್ಲೇ ಅದನ್ನು ನನಗೆ ಅಳೆದು ತೋರಿಸಿದಳು. ನಳಿಗೆ ಒರೆಸುವ ಸಲಾಕೆಯ ತುದಿಗೆ ಬಟ್ಟೆಯ ಚೂರನ್ನು ಬಿಗಿಯಾಗಿ ಸಿಕ್ಕಿಸಿ, ಸಲಾಕೆಯ ಮೇಲೆ ಮಾರ್ಕರಿನಲ್ಲಿ ಒಂದು ಚುಕ್ಕೆ ಇಟ್ಟು, ಮೆಲ್ಲಗೆ ಒಳಕ್ಕೆ ದೂಡಲು ಹೇಳಿದಳು. “ಸರ್, ಹಿಡಿ ಬಿಗಿ ಮಾಡಬೇಡಿ, ಅದು ತಾನೇ ತಿರುಗುತ್ತೆ,” ಎಂದಳು. ಹಾಗೆಯೇ ಆಯಿತು. ಮೇಲಿದ್ದ ಚುಕ್ಕೆ ಪಕ್ಕಕ್ಕೆ ಸರಿದು, ಕೆಳಗೆ ಮರೆಯಾಗಿ, ಮತ್ತೆ ಮೇಲೆ ಬರುವಷ್ಟರಲ್ಲಿ ಸಲಾಕೆ ಎಷ್ಟು ಒಳಗೆ ಹೋಗಿತ್ತೆಂದು ದರ್ಜಿಯ ಟೇಪು ಹಿಡಿದು ನೋಡಿದರೆ 16 ಇಂಚು. ಆ ಜಾತಿಯ ರೈಫಲಿಗೆ ಸಾಮಾನ್ಯವಾದ ಅಳತೆ ಅದೇ ಅಂತೆ. ಅದರ ಗುಂಡು 40 ಗ್ರೇನ್, ಅಂದರೆ ಎರಡೂವರೆ ಗ್ರಾಮಿಗೆ ತುಸು ಹೆಚ್ಚು.

ಈಗ ಪದಗಳಿಗೆ ಬರುತ್ತೇನೆ. ‘ತಿರುವು’ ಎಂದರೆ ನಮಗೆ ಮೊದಲು ಕಣ್ಣಿಗೆ ಬರುವುದು ರಸ್ತೆ. ‘ವೇಗದ ತಿರುವು’ ಎಂದರೆ ಲಾರಿ ಮಗುಚಿದ ಜಾಗ. ‘ತಿರುಚು’ ಎಂದರೆ ಕೈ ತಿರುಚುವುದು, ಮಾತು ತಿರುಚುವುದು. ಅದರಲ್ಲಿ ಕೆಡಿಸುವ ಛಾಯೆ ಸೇರಿಕೊಂಡಿದೆ. ‘ಸುತ್ತು’ ಒಳ್ಳೆಯ ಪದವಾದರೂ ಕೋವಿಯ ಪಕ್ಕದಲ್ಲಿ ಬಂದರೆ ಅಪಾಯ, ಏಕೆಂದರೆ “ಪೊಲೀಸರು ಗಾಳಿಯಲ್ಲಿ ಎರಡು ಸುತ್ತು ಗುಂಡು ಹಾರಿಸಿದರು” ಎಂದು ದಿನಪತ್ರಿಕೆಯಲ್ಲಿ ಓದಿ ಬೆಳೆದ ನಮಗೆ “ಏಳು ಇಂಚಿಗೆ ಒಂದು ಸುತ್ತು” ಎಂಬುದೂ ಗುಂಡಿನ ಎಣಿಕೆಯಂತೆಯೇ ಕೇಳಿಸುತ್ತದೆ.

ನನಗೆ ಒಪ್ಪಿಗೆಯಾದ ಪದ ‘ಹುರಿ’. ಹಗ್ಗಕ್ಕೆ ಹುರಿ ಹಾಕುತ್ತೇವೆ, ಮೀಸೆ ಹುರಿ ಮಾಡುತ್ತೇವೆ, ನೂಲಿನ ಹುರಿ ಬಿಚ್ಚುತ್ತೇವೆ. ಉದ್ದಕ್ಕೆ ಸಾಗುತ್ತಲೇ ತಿರುಗುವುದು ಎಂಬ ಎರಡೂ ಚಲನೆಗಳು ಆ ಒಂದೇ ಪದದಲ್ಲಿವೆ. ಹತ್ತಿ ಗಿರಣಿಗಳಿಂದ ಹೆಸರು ಪಡೆದ ಈ ಊರಿನಲ್ಲಿ ಆ ಪದಕ್ಕೆ ತಜ್ಞರಿಗೇನೂ ಕೊರತೆಯಿಲ್ಲ. ನಮ್ಮ ಓಣಿಯಲ್ಲಿ ನೂಲು ತೆಗೆಯುವ ರಿಂಗ್ ಫ್ರೇಮ್ ಯಂತ್ರದ ಮುಂದೆ ಆಯುಷ್ಯ ಕಳೆದ ಹಿರಿಯರೊಬ್ಬರಿದ್ದಾರೆ, ಅವರಿಗೆ ವಿಷಯ ವಿವರಿಸಿ “ವೇಗದ ಹುರಿ ಎಂದರೆ ಸರಿಯೇ?” ಎಂದು ಕೇಳಿದೆ. “ಹುರಿಗೆ ವೇಗ ಎಲ್ಲೈತ್ರೀ ಮೇಷ್ಟ್ರೇ? ಹುರಿ ಬಿಗಿ ಇರುತ್ತೆ, ಇಲ್ಲಾ ಸಡ್ಲ ಇರುತ್ತೆ,” ಎಂದರು. ಅವರ ಮಾತು ನನಗೆ ಸರಿಯೆನಿಸಿತು. ಗುಂಡಿಗೆ ವೇಗ ಉಂಟು, ಗೀರಿಗೆ ಇಲ್ಲ. ಆದ್ದರಿಂದ ‘ಬಿಗಿ ಹುರಿ’, ‘ಸಡಿಲ ಹುರಿ’ ಎಂದು ಕರಡಿನಲ್ಲಿ ಸದ್ಯಕ್ಕೆ ತಿದ್ದಿದ್ದೇನೆ.

ಆದರೆ ಗಿರಣಿಯ ಲೆಕ್ಕ ಮತ್ತು ಕೋವಿಯ ಲೆಕ್ಕ ಒಂದಕ್ಕೊಂದು ತಲೆಕೆಳಗು. ನೂಲಿಗೆ ಒಂದು ಇಂಚಿನಲ್ಲಿ ಎಷ್ಟು ಹುರಿ ಎಂದು ಎಣಿಸುತ್ತಾರೆ, ಅಂಕಿ ದೊಡ್ಡದಾದಷ್ಟೂ ಹುರಿ ಬಿಗಿ. ನಳಿಗೆಗೆ ಒಂದು ಹುರಿಗೆ ಎಷ್ಟು ಇಂಚು ಎಂದು ಎಣಿಸುತ್ತಾರೆ, ಅಂಕಿ ಚಿಕ್ಕದಾದಷ್ಟೂ ಬಿಗಿ. ಈ ವ್ಯತ್ಯಾಸವನ್ನು ಮರೆತರೆ ವಾಕ್ಯ ಹೇಗೆ ತಿರುಗಿಬೀಳುತ್ತದೆ ಎಂಬುದಕ್ಕೆ ಕರಡಿನದೇ ಒಂದು ಉದಾಹರಣೆ. ಅಮೆರಿಕದ ಎಂ16 ರೈಫಲಿನ ಆರಂಭದ ನಳಿಗೆಗಳಲ್ಲಿ 14 ಇಂಚಿಗೆ ಒಂದು ಸುತ್ತು ಇತ್ತು; ಕೊರೆಯುವ ಚಳಿಯ ದಟ್ಟ ಗಾಳಿಯಲ್ಲಿ 55 ಗ್ರೇನಿನ ಗುಂಡು ನೆಟ್ಟಗೆ ನಿಲ್ಲದೆ ತಲೆಯಾಡಿಸತೊಡಗಿದ್ದರಿಂದ ಅದನ್ನು 12 ಇಂಚಿಗೆ ಬದಲಿಸಿದರು. ಕರಡಿನಲ್ಲಿ ಇದು “ತಿರುವನ್ನು 14ರಿಂದ 12ಕ್ಕೆ ಇಳಿಸಲಾಯಿತು” ಎಂದಾಗಿತ್ತು. ಇಳಿದದ್ದು ಅಂಕಿ, ಏರಿದ್ದು ಹುರಿ. “ಹುರಿಯನ್ನು 14 ಇಂಚಿನಿಂದ 12 ಇಂಚಿಗೆ ಬಿಗಿಗೊಳಿಸಲಾಯಿತು” ಎಂದರೆ ಆ ಗೊಂದಲವೇ ಇರುವುದಿಲ್ಲ.

ಇಷ್ಟು ಬಗೆಹರಿದ ಮೇಲೂ ವಾಕ್ಯದ ಮೊದಲರ್ಧ ಉಳಿಯಿತು, ಮತ್ತು ನಿಜವಾದ ತೊಡಕು ಇರುವುದು ಅಲ್ಲಿಯೇ. ‘ಭಾರವಾದ ಗುಂಡು’ ಎಂದರೆ ಕನ್ನಡಿಗ ಏನೆಂದುಕೊಳ್ಳುತ್ತಾನೆ? ‘ಗುಂಡು’ ಎಂಬ ಪದವೇ ಉರುಟಾದದ್ದನ್ನು ಹೇಳುತ್ತದೆ: ಗುಂಡುಕಲ್ಲು, ರುಬ್ಬುಗುಂಡು, ಗುಂಡುಮುಖ. ಚಿತ್ರದುರ್ಗದ ಕೋಟೆಯೊಳಗೆ ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳನ್ನು ಇಂದಿಗೂ ನೋಡಬಹುದು. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ಪಾಳೆಯಗಾರರದಾಗಿದ್ದ ಆ ಕೋಟೆಯ ಕಾಲದ ಕೋವಿಗಳು ಬಹುಮಟ್ಟಿಗೆ ಒಳಮೈ ನುಣುಪಾದ ನಳಿಗೆಯವು, ಅವುಗಳ ಗುಂಡು ನಿಜಕ್ಕೂ ಗುಂಡಗಿದ್ದದ್ದು. ಕೋವಿ, ತುಪಾಕಿ, ಮದ್ದು, ಚರೆ, ನಳಿಗೆ ಎಂಬ ನಮ್ಮ ಪದಸಂಪತ್ತೆಲ್ಲ ಆ ಲೋಕದ್ದು. ಗೀರು ಕೊರೆದ ನಳಿಗೆ ಬಂದಾಗ ನಾವು ‘ರೈಫಲ್’ ಎಂದು ಉಪಕರಣದ ಹೆಸರನ್ನು ಪಡೆದುಕೊಂಡೆವು. ಆ ಹೆಸರು ಬಂದದ್ದೇ ಗೀರು ಕೊರೆಯುವುದು ಎಂಬ ಕ್ರಿಯೆಯಿಂದ ಎಂಬುದು ಗಡಿ ದಾಟುವಾಗ ಉದುರಿಹೋಯಿತು. ಉರುಟು ಗುಂಡು ಭಾರವಾಗಬೇಕಾದರೆ ದಪ್ಪವಾಗಲೇಬೇಕು. ರೈಫಲಿನ ಗುಂಡು ದಪ್ಪವಾಗುವಂತಿಲ್ಲ, ನಳಿಗೆಯ ಒಳಗಾತ್ರ ನಿಗದಿಯಾಗಿರುತ್ತದೆ. ಭಾರ ಹೆಚ್ಚಬೇಕಾದರೆ ಅದು ಉದ್ದವೇ ಆಗಬೇಕು. ಹೆಚ್ಚು ಹುರಿಯನ್ನು ಬೇಡುವುದು ಆ ಉದ್ದ, ಭಾರವಲ್ಲ.

ಇದು ನನ್ನ ಊಹೆಯಲ್ಲ. ಲಂಡನ್ನಿನ ವುಲಿಚ್‌ನ ಸೈನಿಕ ಅಕಾಡೆಮಿಯಲ್ಲಿ ಗಣಿತ ಕಲಿಸುತ್ತಿದ್ದ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಕೊಟ್ಟ ಸೂತ್ರದ ರೂಢಿಯ ಸರಳ ರೂಪದಲ್ಲಿ ತೂಕದ ಸುಳಿವೇ ಇಲ್ಲ. ಗುಂಡಿನ ಅಡ್ಡಳತೆಯ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಒಂದು ಸುತ್ತಿಗೆ ಬೇಕಾದ ಇಂಚು ಸಿಗುತ್ತದೆ. ಗುಂಡಿನ ವೇಗ ಸೆಕೆಂಡಿಗೆ 2800 ಅಡಿಯನ್ನು ಮೀರಿದರೆ 150ರ ಬದಲು 180 ಹಿಡಿಯುವುದು ರೂಢಿ. ಲೆಕ್ಕ ಹಾಕಿ ನೋಡಿದೆ. .223 ಎಂದು ಕರೆಯುವ ತೋಟಾದ ಗುಂಡಿನ ಅಡ್ಡಳತೆ 0.224 ಇಂಚು. ಹಗುರ ಗುಂಡಿನ ಉದ್ದ 0.74 ಇಂಚು ಎಂದಿಟ್ಟುಕೊಂಡು 180 ಹಿಡಿದರೆ ಉತ್ತರ 12.2 ಇಂಚು, ಭಾರದ ಗುಂಡಿನ ಉದ್ದ 1.05 ಇಂಚು ಎಂದುಕೊಂಡರೆ 8.6 ಇಂಚು. 55 ಗ್ರೇನಿಗೆ 12 ಇಂಚಿನ ನಳಿಗೆ, 77–80 ಗ್ರೇನಿನ ಸ್ಪರ್ಧೆಯ ಗುಂಡಿಗೆ 8 ಇಂಚಿನದು ಅಥವಾ ಇನ್ನೂ ಬಿಗಿಯಾದದ್ದು ಎಂಬ ಗುರಿಕಾರರ ರೂಢಿಗೆ ಇದು ಹೊಂದುತ್ತದೆ. ಇದೇ ಲೆಕ್ಕಕ್ಕೆ ಡಾನ್ ಮಿಲ್ಲರ್ ಎಂಬುವರು ಕೊಟ್ಟ ಈಚಿನ ಸೂತ್ರದಲ್ಲಿ ತೂಕ ಬರುತ್ತದೆ, ಆದರೆ ಬರುವುದು ಗುಂಡಿನ ಪರವಾಗಿ: ಉದ್ದ ಅಷ್ಟೇ ಇದ್ದು ತೂಕ ಹೆಚ್ಚಿದರೆ ಗುಂಡು ಇನ್ನಷ್ಟು ಸ್ಥಿರವಾಗುತ್ತದೆ. ಅಂದರೆ ಕರಡಿನ ವಾಕ್ಯವನ್ನು ಅಕ್ಷರಶಃ ನಂಬಿದವನು ಸತ್ಯದ ಎದುರು ದಿಕ್ಕಿಗೆ ನಡೆದಂತೆ. ಅಚ್ಚ ತಾಮ್ರದ ಗುಂಡು ಇದಕ್ಕೆ ಸಾಕ್ಷಿ. ಸೀಸದ ಸಾಂದ್ರತೆ 11.34, ತಾಮ್ರದ್ದು 8.96, ಆದ್ದರಿಂದ ಅದೇ ತೂಕದ ತಾಮ್ರದ ಗುಂಡು ಉದ್ದವಾಗಿ, ಬಿಗಿ ಹುರಿಯನ್ನು ಕೇಳುತ್ತದೆ. ಎದುರು ಸಾಕ್ಷಿ ಬೇಕಾದರೆ 1853ರ ಮಾದರಿಯ ಬ್ರಿಟಿಷ್ ಎನ್‌ಫೀಲ್ಡ್ ರೈಫಲ್ ಇದೆ: ಗುಂಡು 530 ಗ್ರೇನ್, ಆದರೆ ದಪ್ಪ, ಗಿಡ್ಡ, ಅದರ ನಳಿಗೆಯಲ್ಲಿ 78 ಇಂಚಿಗೆ ಒಂದು ಸುತ್ತು.

ಹುಡುಗಿಯ ವಾದ ಬೇರೆ. ಪೆಟ್ಟಿಗೆಯ ಮೇಲೆ ಅಚ್ಚಾಗುವುದು ತೂಕ, ಉದ್ದವಲ್ಲ. ಅಂಗಡಿಯಲ್ಲಿ ತೂಕ ಹೇಳಿಯೇ ಕೊಳ್ಳಬೇಕು. ಕೈಪಿಡಿ ಬಳಸುವವರ ಭಾಷೆಗೆ ಹತ್ತಿರವಿರಬೇಕು ಎನ್ನುತ್ತಾಳೆ. ಅದನ್ನು ತಳ್ಳಿಹಾಕಲಾರೆ. “ಒಂದೇ ಅಡ್ಡಳತೆಯ ಗುಂಡುಗಳಲ್ಲಿ ತೂಕ ಹೆಚ್ಚಿದಂತೆ ಉದ್ದ ಹೆಚ್ಚುವುದರಿಂದ ಅದಕ್ಕೆ ತಕ್ಕಂತೆ ಬಿಗಿ ಹುರಿಯ ನಳಿಗೆಯನ್ನು ಆರಿಸಬೇಕು” ಎಂದು ತಿದ್ದಿದ್ದೇನೆ. ವಾಕ್ಯ ಉದ್ದವಾಯಿತು, ಅರ್ಥ ಉಳಿಯಿತು.

‘ಗ್ರೇನ್’ ಬಗ್ಗೆಯೂ ಒಂದು ಮಾತು. ಕರಡಿನ ಎರಡು ಕಡೆ ಅದು ‘ಗ್ರಾಂ’ ಆಗಿತ್ತು. 168 ಗ್ರಾಮಿನ ಗುಂಡನ್ನು ಹಾರಿಸಲು ತೋಪೇ ಬೇಕು, ಅದು ನಿಜವಾಗಿ 10.9 ಗ್ರಾಂ. ಇನ್ನೊಂದು ಕಡೆ ‘ಗುಂಜಿ’ ಎಂದು ಬರೆದು ಹೊಡೆದುಹಾಕಿದ್ದಳು. ಅಕ್ಕಸಾಲಿಗರ ಗುಂಜಿ ಕೇಳಲು ಚೆಂದ, ಆದರೆ ಅದರ ತೂಕ ಗ್ರೇನಿನ ಎರಡರಷ್ಟಕ್ಕೆ ಹತ್ತಿರ. ‘ಗ್ರೇನ್’ ಹಾಗೆಯೇ ಇರಲಿ ಎಂಬುದು ನನ್ನ ಮತ.

ಗೀರುಗಳ ನಡುವೆ ಉಬ್ಬಿ ನಿಲ್ಲುವ ಭಾಗವನ್ನು ಇಂಗ್ಲಿಷಿನವರು ನೆಲ ಎಂಬ ಅರ್ಥದ ಪದದಿಂದಲೇ ಕರೆಯುತ್ತಾರೆ. ನಮ್ಮ ಸೀಮೆಯ ಮೆಕ್ಕೆಜೋಳದ ಹೊಲಗಳಲ್ಲಿ ಎಬ್ಬಿಸಿದ್ದಕ್ಕೆ ‘ಬೋದು’, ತಗ್ಗಿಗೆ ‘ಸಾಲು’ ಎನ್ನುವುದರಿಂದ ನಳಿಗೆಗೂ ‘ಬೋದು–ಸಾಲು’ ಎನ್ನಬಹುದೇ? ಮೈಸೂರು, ಮಂಗಳೂರು ಕಡೆಯವರಿಗೆ ‘ಬೋದು’ ತಿಳಿಯುವುದೇ ಎಂಬುದನ್ನು ಅಲ್ಲಿನವರೇ ಹೇಳಬೇಕು. ಹುರಿ ಸಾಲದೆ ಅಡ್ಡಾದ ಗುಂಡು ಗುರಿಹಾಳೆಯಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಮಾಡುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಬೀಗದ ತೂತಿನ ಹೆಸರು. ನಾನು ‘ಅಡ್ಡೇಟು’ ಎಂದು ಬರೆದೆ. ಇದಕ್ಕಿಂತ ಒಳ್ಳೆಯದು ಇದ್ದೇ ಇರಬೇಕು.

ಕೊನೆಯದು ದಿಕ್ಕು. ಇಂದಿನ ಹೆಚ್ಚಿನ ನಳಿಗೆಗಳ ಹುರಿ ಬಲಕ್ಕೆ. ಹಳೆಯ ಪೊಲೀಸರಿಗೆಲ್ಲ ಪರಿಚಿತವಾದ ‘ತ್ರೀ ನಾಟ್ ತ್ರೀ’ ಲೀ–ಎನ್‌ಫೀಲ್ಡಿನದು ಎಡಕ್ಕೆ, 10 ಇಂಚಿಗೆ ಒಂದು ಸುತ್ತು. ಕರಡಿನಲ್ಲಿ ‘ಬಲಗೈ ತಿರುವು’, ‘ಎಡಗೈ ತಿರುವು’ ಎಂದಿದೆ. ಎಡಚರಿಗಾಗಿ ಬೇರೆ ರೈಫಲ್ ಎಂದು ಮಕ್ಕಳು ತಿಳಿಯುವುದು ಖಂಡಿತ. ಗ್ರಂಥಿಗೆ ಅಂಗಡಿಯಲ್ಲಿ ಹಗ್ಗದಂತೆ ಹೊಸೆದುಕೊಂಡಿರುವ ಎಡಮುರಿ–ಬಲಮುರಿ ಕಾಯನ್ನು ನೋಡಿದವರಿಗೆ ‘ಬಲಮುರಿ ನಳಿಗೆ’, ‘ಎಡಮುರಿ ನಳಿಗೆ’ ಎಂದರೆ ವಿವರಣೆಯೇ ಬೇಡ. ಆದರೆ ಬಲಮುರಿ ಎಂದೊಡನೆ ಶಂಖವೂ ಗಣಪತಿಯೂ ನೆನಪಾಗುವ ನಮ್ಮಲ್ಲಿ ಆ ಪದವನ್ನು ಕೋವಿಗೆ ಹಚ್ಚಿದರೆ ಓದುವವರಿಗೆ ಇರುಸುಮುರುಸಾದೀತೇ, ಅಥವಾ ‘ಬಲಹುರಿ’, ‘ಎಡಹುರಿ’ ಎಂದು ಹೊಸದಾಗಿ ಕಟ್ಟುವುದೇ ಲೇಸೇ? ಕರಡು ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗುವುದರಿಂದ ಈ ಒಂದು ಪ್ರಶ್ನೆಗಾದರೂ ಬೇಗ ಉತ್ತರಿಸಬೇಕೆಂದು ಕೋರುತ್ತೇನೆ.