ಕೋವಿ ನಳಿಗೆ ಕ್ಲೀನಿಂಗ್: ಇವತ್ತು ಮೇಸ್ತ್ರಿಗಳನ್ನ ಕೇಳಿ

ಅಡ್ಮಿನ್: ಮಳೆ ಕಡಿಮೆ ಆಗ್ತಾ ಬಂತು, ಸೆಪ್ಟೆಂಬರಲ್ಲಿ ಕೊಡಗಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್, ಎಲ್ಲರ ಮನೇಲೂ ಕೋವಿ ಹೊರಗೆ ಬರ್ತಾ ಉಂಟು. ನಳಿಗೆ ಯಾವುದರಲ್ಲಿ ತೊಳೀಬೇಕು ಅಂತ ದಿನಾ ಕೇಳ್ತಿದ್ರಿ, ಇವತ್ತು ಸಂಜೆವರೆಗೆ ಕೋವಿ ರಿಪೇರಿ ಮೇಸ್ತ್ರಿಗಳು ಇಲ್ಲೇ ಇರ್ತಾರೆ. ಲೈಸೆನ್ಸೋ ವಿನಾಯಿತಿ ಪತ್ರವೋ ಇರುವವರು ಮಾತ್ರ ಕೇಳಿ.

ಕಕ್ಕಬ್ಬೆ ಕಾಫಿ: ನಮಸ್ಕಾರ ಮೇಸ್ತ್ರಿಗಳೇ. ಅಪ್ಪನ ಕಾಲದ .315 ರೈಫಲ್. ನಳಿಗೆ ತೊಳೆಯೋ ಸಾಲ್ವೆಂಟ್ ಹಾಪ್ಪೀಸ್ ನಂಬರ್ 9 ಹಾಕಿ ಎಷ್ಟು ಉಜ್ಜಿದ್ರೂ ಬಾಯಿ ಹತ್ರ ಕೆಂಪು ಗೆರೆ ಹೋಗ್ತಾ ಇಲ್ಲ, ತುಕ್ಕಾ ಅದು?

ಮೇಸ್ತ್ರಿ: ನಮಸ್ಕಾರ. ತುಕ್ಕಲ್ಲ, ತಾಮ್ರ. .315 ಗುಂಡಿಗೆ ಮೇಲೆ ತಾಮ್ರದ ಹೊದಿಕೆ, ಜಾಕೆಟ್, ಇರ್ತದೆ, ಅದು ನಳಿಗೆ ಒಳಗಿನ ಸುರುಳಿ ಗೀರು, ಅಂದ್ರೆ ರೈಫ್ಲಿಂಗ್‌ಗೆ ಉಜ್ಜಿ ಉಜ್ಜಿ ಅಂಟಿಕೊಳ್ತದೆ. ನಂಬರ್ 9 ಮಸಿಗೆ ಒಳ್ಳೇದು, ತಾಮ್ರಕ್ಕೆ ಬಹಳ ನಿಧಾನ. ಮೊದಲು ಅದರಲ್ಲೇ ಮಸಿ ಪೂರ್ತಿ ತೆಗೀರಿ, ಬಟ್ಟೆ ಬಿಳಿ ಬರೋವರೆಗೆ, ಆಮೇಲೆ ಅಮೋನಿಯ ಇರೋ ಕಾಪರ್ ಸಾಲ್ವೆಂಟ್. ಸ್ವೀಟ್ಸ್ 7.62 ಸಿಕ್ಕಿದ್ರೆ ಅದರಲ್ಲಿ 5% ಅಮೋನಿಯ ಉಂಟು, 15 ನಿಮಿಷಕ್ಕಿಂತ ಜಾಸ್ತಿ ಬಿಡಬಾರದು, ರಾತ್ರಿ ಹಾಕಿ ಮಲಗೋದಂತೂ ಬೇಡವೇ ಬೇಡ. ಬಟ್ಟೆ ನೀಲಿ ಬಂದ್ರೆ ತಾಮ್ರ ಬಿಡ್ತಾ ಉಂಟು ಅಂತ. ಆದ್ರೆ ಈ ಹಂತದಲ್ಲಿ ಬ್ರಾಂಜ್ ಬ್ರಷ್ ಹಾಕಬೇಡಿ, ಬ್ರಷ್ಷೇ ಕರಗಿ ನೀಲಿ ಬರ್ತದೆ, ನೀವು ತಾಮ್ರ ಇನ್ನೂ ಉಂಟು ಅಂತ ಮುಗಿಯದೆ ಉಜ್ಜುತ್ತಾ ಇರ್ತೀರಿ, ನೈಲಾನ್ ಬ್ರಷ್ ಸಾಕು. ಕಿಟಕಿ ತೆಗೆದು ಮಾಡಿ. ರಾಡು ಹಿಂದಿನಿಂದ ಹಾಕಿ, ಬೋಲ್ಟ್ ತೆಗೆದು. ಬಾಯಿ ಕಡೆಯಿಂದ ಹಾಕಿ ತುದಿ ಸವೆಸಿದ ರೈಫಲ್‌ಗಳು ನನ್ನ ಅಂಗಡಿಗೆ ಬರೋದು ತುಕ್ಕು ಹಿಡಿದದ್ದಕ್ಕಿಂತ ಜಾಸ್ತಿ.

ಪಾಯಿಂಟ್ ಟೂ ಟೂ: ಸರ್ ನನ್ನ .22ಗೂ ಅದೇ ಸಾಲ್ವೆಂಟ್ ಹಾಕಬಹುದಾ?

ಮೇಸ್ತ್ರಿ: ಬೇಡ. .22ರಲ್ಲಿ ಸಾಮಾನ್ಯವಾಗಿ ಹಾರೋದು ಸೀಸ, ಮೇಲೆ ಮೇಣದ ತರ ಲೂಬ್ರಿಕೆಂಟ್. ಅಮೋನಿಯ ಸೀಸಕ್ಕೆ ಏನೂ ಮಾಡಲ್ಲ. ನಂಬರ್ 9, ಬ್ರಾಂಜ್ ಬ್ರಷ್, ಒಣ ಬಟ್ಟೆ. ತೋಟಾ ಕೂರೋ ಚೇಂಬರ್ ಮುಂದೆ ಉಂಗುರದ ತರ ಕೂತಿರ್ತದೆ, ಅಲ್ಲಿ ನೋಡಿ.

ಸುಂಟಿಕೊಪ್ಪ: ಡಬ್ಲ್ಯೂಡಿ 40 ಸಾಕಲ್ವಾ ಅಣ್ಣ?

ಮೇಸ್ತ್ರಿ: ನೀರು ಓಡಿಸೋಕೆ ಸಾಕು. ತಾಮ್ರ ತೆಗಿಯಲ್ಲ, ಇಡೀ ಮಳೆಗಾಲ ಕಾಯೋದೂ ಇಲ್ಲ. ಒರೆಸಿ ಗನ್ ಆಯಿಲ್ ಹಾಕಿ.

ಬಾಳೆಲೆ ಬೇಸಾಯ: ಇದು ನೋಡಿ ಎಲ್ಲರೂ, ಫ್ಯಾಮಿಲಿ ಗ್ರೂಪಲ್ಲಿ ಬಂದದ್ದು: "ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸಮ ಸಮ ಹಾಕಿ ನಳಿಗೆ ತುಂಬಿಸಿಡಿ, ಸೀಸ ನೊರೆಯಾಗಿ ಬರುತ್ತದೆ, ಯಾವ ಮೇಸ್ತ್ರಿಯೂ ಬೇಕಿಲ್ಲ." 🙏 ಶೇರ್ ಮಾಡಿ.

ಮೇಸ್ತ್ರಿ: ಡಿಲೀಟ್ ಮಾಡಿ ಅದನ್ನ. ಸೀಸ ಬರ್ತದೆ ನಿಜ, ಏನಾಗಿ ಬರ್ತದೆ? ಲೆಡ್ ಅಸಿಟೇಟ್ ಆಗಿ, ನೀರಲ್ಲಿ ಕರಗೋ ವಿಷ. ಅದನ್ನ ಎಲ್ಲಿ ಚೆಲ್ತೀರಿ, ಬಚ್ಚಲಿಗಾ, ಕಾಫಿ ಗಿಡದ ಬುಡಕ್ಕಾ? ಮೇಲಿಂದ ವಿನೆಗರ್ ಹೊರಗೆ ಸೋರಿದ್ರೆ ಉಕ್ಕಿನ ಮೇಲಿನ ಕಪ್ಪು ಲೇಪ, ಬ್ಲೂಯಿಂಗ್, ಬೋಳಾಗ್ತದೆ, ಉಕ್ಕೂ ತಿಂತದೆ. ಯಾರೋ ಟಾಯ್ಲೆಟ್ ಕ್ಲೀನರ್ ಕೂಡ ಹೇಳ್ತಾರೆ, ಅದು ಹೈಡ್ರೋಕ್ಲೋರಿಕ್ ಆಸಿಡ್, ಅದರ ಹೊಗೆಗೇ ಪಕ್ಕದಲ್ಲಿಟ್ಟ ಕತ್ತಿ ತುಕ್ಕು ಹಿಡಿತದೆ. ಅಮೋನಿಯ ಹಾಕಿದ ಕೈಯಲ್ಲೇ ಬ್ಲೀಚ್ ಹಾಕಬೇಡಿ, ಬರೋ ಗ್ಯಾಸ್ ಪುಪ್ಪುಸ ಸುಡ್ತದೆ.

ಬಾಳೆಲೆ ಬೇಸಾಯ: ನಾನು ಬರ್ದದ್ದಲ್ಲ, ಫಾರ್ವರ್ಡ್ ಅಷ್ಟೇ.

ಮೇಸ್ತ್ರಿ: ಅದಕ್ಕೇ ಹೇಳಿದ್ದು.

ನಿವೃತ್ತ ಸುಬೇದಾರ್: ಇಷ್ಟೆಲ್ಲ ಬಾಟಲಿ ಯಾಕ್ರಿ, ನಮ್ಮ ಕಾಲದಲ್ಲಿ .303ಗೆ ಕುದಿಯೋ ನೀರು, ಬಟ್ಟೆ ಕಟ್ಟಿ ಎಳೆಯೋ ಪುಲ್-ಥ್ರೂ ಹಗ್ಗ, ಎಣ್ಣೆ ಬಟ್ಟೆ, ಮುಗೀತು. ಈಗಿನ ಹುಡುಗರಿಗೆ ಸೋಮಾರಿತನ.

ಪಾಯಿಂಟ್ ಟೂ ಟೂ: ಸೋಮಾರಿತನ ಅಲ್ಲ ಅಂಕಲ್, ಈಗಿನ ಬುಲೆಟ್ಟೇ ಬೇರೆ. ನೀರು ಹಾಕಿದ್ರೆ ತುಕ್ಕು.

ನಿವೃತ್ತ ಸುಬೇದಾರ್: ನೀನು ಎಷ್ಟು ರೌಂಡ್ ಹೊಡೆದಿದ್ದಿ ನನಗೆ ಹೇಳೋಕೆ?

ಪಾಯಿಂಟ್ ಟೂ ಟೂ: ರೌಂಡ್ ಲೆಕ್ಕ ಬೇಡ, ಕೆಮಿಸ್ಟ್ರಿ ಹೇಳಿ.

ಸುಂಟಿಕೊಪ್ಪ: ನಮ್ಮಜ್ಜ ಬರೀ ಸೀಮೆಎಣ್ಣೆ ಹಾಕ್ತಿದ್ರು, ಕೋವಿ ಇವತ್ತಿಗೂ ಕನ್ನಡಿ.

ಪಾಯಿಂಟ್ ಟೂ ಟೂ: ಅಜ್ಜನ ಕೋವಿ ಕನ್ನಡಿ ಆಗಿದ್ದು ಅವರು ಪ್ರತಿ ಸಲ ಒರೆಸಿದ್ದಕ್ಕೆ, ಸೀಮೆಎಣ್ಣೆಗಲ್ಲ.

ನಿವೃತ್ತ ಸುಬೇದಾರ್: ದೊಡ್ಡವರ ಹತ್ರ ಮಾತಾಡೋ ರೀತಿ ಕಲೀರಿ ಮೊದಲು.

ಮೇಸ್ತ್ರಿ: ಇಬ್ಬರೂ ನಿಲ್ಸಿ. ಸುಬೇದಾರ್ ಸಾಹೇಬ್ರು ಹೇಳಿದ್ದು ಆ ಕಾರ್ಟ್ರಿಜ್‌ಗೆ ಸರಿ. ಆಗಿನ ಪ್ರೈಮರಲ್ಲಿ (ತೋಟಾಕ್ಕೆ ಕಿಡಿ ಕೊಡೋ ಮದ್ದು) ಪೊಟ್ಯಾಸಿಯಂ ಕ್ಲೋರೇಟ್, ಸುಟ್ಟ ಮೇಲೆ ಉಪ್ಪು ಉಳೀತದೆ, ಉಪ್ಪು ಎಣ್ಣೆಯಲ್ಲಿ ಕರಗಲ್ಲ, ನೀರೇ ಬೇಕು. ಬಾಯಿಯಿಂದ ಮದ್ದು ತುಂಬೋ ಕೇಪಿನ ಕೋವಿಯ ಕರಿಮದ್ದಿಗೂ ಬಿಸಿನೀರೇ. ಹೊಸ ತೋಟಾಕ್ಕೆ ಬೇಕಿಲ್ಲ. ಒಳಗೆ ಏನು ಕೂತಿದೆ ನೋಡಿ ಸಾಲ್ವೆಂಟ್ ಆರಿಸಿ, ಹೆಸರು ನೋಡಿ ಅಲ್ಲ.

ತೋಟದಮನೆ: ಮೇಸ್ತ್ರಿಗಳೇ, ನಮ್ಮ ಮಾವನವರು ಹೋದ ಮೇಲೆ ಅಟ್ಟದಲ್ಲಿ ಒಂದು ಕೇಪಿನ ಕೋವಿ ಸಿಕ್ತು. ಪೂಜೆಗೆ ಇಡೋಣ ಅಂತ ಕ್ಲೀನ್ ಮಾಡೋಕೆ ಹೋದೆ, ಗಜ (ನಳಿಗೆಗೆ ಹಾಕೋ ಕೋಲು) ಪೂರ್ತಿ ಒಳಗೆ ಹೋಗ್ತಾ ಇಲ್ಲ, ನಳಿಗೆ ಬುಡಕ್ಕೆ ಇನ್ನೂ ನಾಲ್ಕು ಬೆರಳು ಇರುವಾಗಲೇ ನಿಲ್ತದೆ. ಒಳಗೆ ತುಕ್ಕು ಗಟ್ಟಿಯಾಗಿದೆ ಅಂತ ಮೈದುನ ಹೇಳ್ತಾನೆ. ಹಿಂದಿನ ಸ್ಕ್ರೂಗೆ ಗ್ಯಾಸ್ ವೆಲ್ಡಿಂಗಲ್ಲಿ ಬಿಸಿ ಕೊಟ್ಟು ಬಿಚ್ಚಿದ್ರೆ ಆರಾಮ ಅಂತ ವರ್ಕ್‌ಶಾಪಿನವರು ಹೇಳಿದ್ರಂತೆ, ನಾಳೆ ತಗೊಂಡು ಹೋಗ್ತಾರೆ.

ಮೇಸ್ತ್ರಿ: ಅಕ್ಕ, ಕಳಿಸಬೇಡಿ. ಮೊದಲು ಮೈದುನರಿಗೆ ಫೋನ್ ಮಾಡಿ ಆಮೇಲೆ ಇದನ್ನ ಓದಿ. ಅದು ತುಕ್ಕಲ್ಲ, ನಾಲ್ಕು ಬೆರಳು ಅಂದ್ರೆ ಮದ್ದು, ಗುಂಡೋ ಚರೆಯೋ, ಬಟ್ಟೆ ಎಲ್ಲ ಇಟ್ಟು ಗಿಡಿದು ಬಿಟ್ಟಿದ್ದಾರೆ ಅಂತಲೇ ತಿಳ್ಕೊಳ್ಳಿ. ಕರಿಮದ್ದು ಒಣಗಿದ್ರೆ ಎಷ್ಟು ವರ್ಷ ಆದ್ರೂ ಹಾಗೇ ಇರ್ತದೆ, ಹಳೇದಾಯ್ತು ಸತ್ತಿದೆ ಅಂತ ಇಲ್ಲ. ಬೆಂಕಿ ತೋರಿಸಿದ್ರೆ ಕೈಯಲ್ಲೇ ಹಾರ್ತದೆ, ವೆಲ್ಡಿಂಗ್ ಹುಡುಗನ ಜೀವ ಹೋಗ್ತದೆ. ಬಾಯಿ ಯಾರ ಕಡೆಗೂ ಇಲ್ಲದ ಹಾಗೆ, ಹೊರಗೆ ಮಣ್ಣಿನ ದರೆ ಕಡೆಗೆ ಇಟ್ಟು, ಕುದುರೆ (ಬಂದು ಬಡಿಯೋ ಸುತ್ತಿಗೆ) ಕೆಳಗೆ ನಿಪ್ಪಲ್ ಮೇಲೆ ತಾಮ್ರದ ಸಣ್ಣ ಟೋಪಿ, ಅಂದ್ರೆ ಬಡಿದ್ರೆ ಕಿಡಿ ಕೊಡೋ ಕೇಪು, ಉಂಟಾ ನೋಡಿ, ದೂರದಿಂದ ಟಾರ್ಚಲ್ಲಿ. ಇದ್ರೆ ಮುಟ್ಟಬೇಡಿ, ತುಕ್ಕು ಹಿಡಿದ ಕುದುರೆ ಎತ್ತೋಕೆ ಹೋದ್ರೆ ಜಾರಿ ಅದರ ಮೇಲೇ ಬೀಳ್ತದೆ. ಇನ್ನು ಗಜ ಹಾಕಬೇಡಿ, ಕುಟ್ಟಬೇಡಿ, ಬಿಸಿಲಿಗೂ ಒಲೆ ಹತ್ರವೂ ಇಡಬೇಡಿ. ಕಾರಲ್ಲಿ ಹಾಕ್ಕೊಂಡು ನನ್ನ ಹತ್ರ ತರೋದೂ ಬೇಡ, ನಾನೇ ಬರ್ತೇನೆ. ಮದ್ದನ್ನ ನೀರಲ್ಲಿ ನೆನೆಸಿ, ತಿರುಪು ಗಜದಲ್ಲಿ ತೆಗೀತೇನೆ. ನೀರು ಹಾಕಿದ್ರೂ ಮತ್ತೆ ಒಣಗಿದ್ರೆ ಮದ್ದು ಕೆಲಸ ಮಾಡ್ತದೆ, ಅದಕ್ಕೇ ನೀವೇ ನೀರು ಹುಯ್ದು ಬಿಟ್ಟು ಬಿಡೋದು ಬೇಡ. ಮಾವನವರ ಹೆಸರಲ್ಲಿದ್ದ ಪತ್ರದ ವಿಷಯ ಠಾಣೆಗೆ ತಿಳಿಸಿದ್ರಾ?

ಕಕ್ಕಬ್ಬೆ ಕಾಫಿ: ರಾಡು ನೇರ ಹೋಗೋಕೆ ಹಾಕೋ ಬೋರ್ ಗೈಡ್ ಎಲ್ಲಿ ಸಿಗ್ತದೆ ಮೇಸ್ತ್ರಿಗಳೇ?

ಸುಂಟಿಕೊಪ್ಪ: ತೆಂಗಿನೆಣ್ಣೆ ಹಾಕಿದ್ರೆ?

ಮೇಸ್ತ್ರಿ: 24 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗ್ತದೆ. ಮಡಿಕೇರಿ ಚಳಿಯಲ್ಲಿ ನಳಿಗೆ ಒಳಗೆ ಮುದ್ದೆ. ಬೇಡ.

ಬಾಳೆಲೆ ಬೇಸಾಯ: ಡಬ್ಲ್ಯೂಡಿ 40 ಓಕೆನಾ?

ಮೇಸ್ತ್ರಿ: ಮೇಲೆ ಓದಿ.

ನಿವೃತ್ತ ಸುಬೇದಾರ್: ಓದೋದೇ ಇಲ್ಲ ಯಾರೂ. ಆ ಹುಡುಗ ಕ್ಷಮೆ ಕೇಳಿಲ್ಲ ಇನ್ನೂ.

ಪಾಯಿಂಟ್ ಟೂ ಟೂ: ಯಾವುದಕ್ಕೆ ಕೇಳಬೇಕು?

ಮೇಸ್ತ್ರಿ: ಅಡ್ಮಿನ್, ಇವರಿಬ್ಬರನ್ನ ನೋಡ್ಕೊಳ್ಳಿ. ನನಗೆ ಈಗ ಬೇರೆ ಪ್ರಶ್ನೆ ಬೇಡ. ತೋಟದಮನೆ ಅಕ್ಕ, ಮೈದುನ ಫೋನ್ ಎತ್ತಿದ್ರಾ?

ತೋಟದಮನೆ: ಎತ್ತಿದ್ರು. ಕೋವಿ ಜೀಪಲ್ಲಿ ಹಾಕಿ ಆಗಿತ್ತು, ಇಳಿಸಿದ್ದಾರೆ. ಟೋಪಿ ಉಂಟು ಮೇಸ್ತ್ರಿಗಳೇ, ಹಸಿರು ಹಿಡಿದು ಕೂತಿದೆ.

ಮೇಸ್ತ್ರಿ: ಮಕ್ಕಳನ್ನ ಒಳಗೆ ಕಳಿಸಿ, ಯಾರೂ ಬಾಯಿ ಎದುರಿಗೆ ಹೋಗಬೇಡಿ. ಠಾಣೆಗೆ ನಾನು ಫೋನ್ ಮಾಡ್ತೇನೆ. ಲೊಕೇಶನ್ ಹಾಕಿ, ಇಲ್ಲಿ ಬೇಡ, ನನ್ನ ನಂಬರಿಗೆ.