ಅಪ್‌ಡೇಟ್: ಸ್ಟ್ರೋಕ್ ಆದ ಅಪ್ಪನಿಗೆ ಬ್ಯಾಂಡ್ ವ್ಯಾಯಾಮ

ರಬ್ಬರ್ ಬ್ಯಾಂಡ್ ಎಳೆಸಿದರೆ ಅಪ್ಪನ ಎಡಗೈ ಬಿಗಿತ ಜಾಸ್ತಿಯಾಗುತ್ತಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಡೊಂಬಿವಲಿಯ ನಮ್ಮ ಮನೆಗೆ ಬರುವ ಫಿಸಿಯೋ ಕೂಡ ನಿಮ್ಮಂತೆಯೇ ಹೇಳಿದರು: ಸರಿಯಾಗಿ ಮಾಡಿದರೆ ಬಿಗಿತ ಹೆಚ್ಚಲ್ಲ, ಬಲ ಬರುತ್ತದೆ. ವಾರಕ್ಕೆ 2–3 ದಿನ, ಒಂದೊಂದು ವ್ಯಾಯಾಮವೂ 10–15 ಸಲ. ಶುರುಮಾಡುವ ಮೊದಲು ಬಿಪಿ ನೋಡಲೇಬೇಕು. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ, ಅದಕ್ಕೇ ಅಪ್ಪನಿಗೆ ‘ಒಂದು, ಎರಡು’ ಅಂತ ಗಟ್ಟಿಯಾಗಿ ಎಣಿಸಲು ಹೇಳುತ್ತೇವೆ.

ನನ್ನ ಪ್ರಕಾರ ಎಲ್ಲಕ್ಕಿಂತ ಉಪಕಾರವಾದದ್ದು ಕುರ್ಚಿಯಿಂದ ಏಳುವ ಅಭ್ಯಾಸ. ಮೊದಲೆಲ್ಲ ಪೂರ್ತಿ ಭಾರ ಬಲಗಾಲಿಗೇ ಬೀಳುತ್ತಿತ್ತು. ಫಿಸಿಯೋ ಎಡಪಾದವನ್ನು ತುಸು ಹಿಂದಕ್ಕಿಡಿಸಿ, ಮುಂದಕ್ಕೆ ಬಾಗಿಸಿ ಏಳಿಸಿದರು. ಎಡತೊಡೆ ನಡುಗುವುದು ಕಾಣುತ್ತಿತ್ತು. ಈಗ ಕಮೋಡ್‌ನಿಂದ ಯಾರ ಕೈಯನ್ನೂ ಹಿಡಿಯದೆ ಏಳುತ್ತಾರೆ, ಅಮ್ಮನಿಗೆ ಎಷ್ಟೋ ನಿರಾಳ. ಬೆರಳು ಮಾತ್ರ ಇನ್ನೂ ಪೂರ್ತಿ ಬಿಚ್ಚುತ್ತಿಲ್ಲ.